ಮಗು ಬಂದ ಮೇಲಿನ ಒಂದು ಗಂಟೆ: ಬಾಣಂತಿಯ ರಕ್ತಸ್ರಾವ ಮತ್ತು ಬೆಳಗಾವಿಯ ಸಂಶೋಧನೆ

ಹೆರಿಗೆಯು ಸುಸೂತ್ರವಾಗಿ ಆಯಿತೆಂಬ ಸುದ್ದಿ ಬಂದೊಡನೆ ಮನೆಯವರೆಲ್ಲರ ದೃಷ್ಟಿಯೂ ಮಗುವಿನ ಕಡೆಗೆ ತಿರುಗುತ್ತದೆ. ಗಂಡೋ ಹೆಣ್ಣೋ, ತೂಕವೆಷ್ಟು, ಯಾರ ಹೋಲಿಕೆ ಎಂಬ ಮಾತುಗಳ ನಡುವೆ ತಾಯಿಯು ಸ್ವಲ್ಪ ಹೊತ್ತು ಎಲ್ಲರಿಗೂ ಮರೆತುಹೋಗುತ್ತಾಳೆ. ಆಕೆಯ ಮೇಲೆ ಅತಿ ಹೆಚ್ಚಿನ ನಿಗಾ ಇರಬೇಕಾದ ಹೊತ್ತು ಅದೇ ಎಂದು ವೈದ್ಯಶಾಸ್ತ್ರವು ಹೇಳುತ್ತದೆ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವವು ಜಗತ್ತಿನಲ್ಲಿ ತಾಯಂದಿರ ಮರಣಕ್ಕೆ ಇರುವ ಕಾರಣಗಳಲ್ಲಿ ಇಂದಿಗೂ ಮೊದಲನೆಯದು.

ಕಳೆದ ಶ್ರಾವಣದಲ್ಲಿ ಆಯನೂರಿನ ಭಕ್ತರ ಮನೆಯೊಂದರಲ್ಲಿ ನಾವು ಕುಳಿತಿದ್ದಾಗ ಆ ಮನೆಯ ಹಿರಿಯ ತಾಯಿಯೊಬ್ಬರು ತಮ್ಮ ಅಕ್ಕನ ವಿಷಯ ತೆಗೆದರು. ನಲವತ್ತು ವರ್ಷಗಳಿಗೂ ಹಿಂದಿನ ಮಾತು. ಹೊತ್ತು ಮುಳುಗುವ ಸಮಯಕ್ಕೆ ಮನೆಯಲ್ಲಿಯೇ ಹೆರಿಗೆಯಾಯಿತು, ಗಂಡು ಮಗು, ಮಾಸು ಸಹ ಬಿತ್ತು, ಓಣಿಗೆಲ್ಲ ಸಕ್ಕರೆ ಹಂಚಿದರು. "ಅಕ್ಕ ಸುಸ್ತು ಅಂದಳು, ಮಲಗು ಅಂದೆವು. ಕಣ್ಣು ಕತ್ತಲೆ ಬರುತ್ತಿದೆ ಅಂದಳು, ದಣಿದಿದ್ದಾಳೆ ಅಂದುಕೊಂಡೆವು. ಹಾಸಿದ ಬಟ್ಟೆ ಮೂರು ಸಲ ಬದಲಾಯಿಸಿದ್ದು ನಾನೇ. ಮೂರು ಬಟ್ಟೆ ಅಂದರೆ ಎಷ್ಟು ರಕ್ತ ಅಂತ ನಮಗೆ ಯಾರು ಹೇಳಬೇಕಿತ್ತು?" ಶಿವಮೊಗ್ಗಕ್ಕೆ ಸಾಗಿಸಲು ಲಾರಿಯೊಂದು ಸಿಗುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಆ ತಾಯಿಯ ಪ್ರಶ್ನೆಯು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಬಾಣಂತಿಯಿಂದ ಹೋದ ರಕ್ತ ಎಷ್ಟು ಎಂಬ ಅದೇ ಪ್ರಶ್ನೆಯನ್ನು ನಮ್ಮ ನಾಡಿನ ವೈದ್ಯರೇ ಕೈಗೆತ್ತಿಕೊಂಡು ಉತ್ತರ ಹುಡುಕಿದ ಸಂಗತಿಯನ್ನು ಈ ಸಂಚಿಕೆಯಲ್ಲಿ ಭಕ್ತರ ಮುಂದೆ ಇಡುತ್ತಿದ್ದೇವೆ.

ಮೊದಲು ರಕ್ತವು ಏಕೆ ಹೋಗುತ್ತದೆ ಎಂಬುದನ್ನು ತಿಳಿಯಬೇಕು. ದಿನ ತುಂಬಿದ ಗರ್ಭಕೋಶಕ್ಕೆ ಪ್ರತಿ ನಿಮಿಷಕ್ಕೆ ಅರ್ಧ ಲೀಟರಿಗಿಂತಲೂ ಹೆಚ್ಚು ರಕ್ತವು ಹರಿದುಬರುತ್ತಿರುತ್ತದೆ. ಮಗುವಿಗೆ ಅನ್ನ, ಉಸಿರು ಎರಡನ್ನೂ ಒದಗಿಸುವುದು ಆ ಹರಿವು. ಮಗು ಹೊರಬಂದು ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ಅಂಗೈಗಿಂತ ದೊಡ್ಡ ಗಾಯವೊಂದು ತೆರೆದುಕೊಳ್ಳುತ್ತದೆ. ಅಲ್ಲಿಯ ರಕ್ತನಾಳಗಳೆಲ್ಲ ಬಾಯಿ ತೆರೆದಿರುತ್ತವೆ. ಆದರೂ ಬಹುಪಾಲು ತಾಯಂದಿರಿಗೆ ಅಪಾಯವಾಗುವುದಿಲ್ಲ. ಗರ್ಭಕೋಶದ ಸ್ನಾಯುವಿನ ಎಳೆಗಳು ಬುಟ್ಟಿಯ ಹೆಣಿಗೆಯಂತೆ ಅಡ್ಡತಿಡ್ಡವಾಗಿ ಹೆಣೆದುಕೊಂಡಿರುತ್ತವೆ, ರಕ್ತನಾಳಗಳು ಆ ಹೆಣಿಗೆಯ ಸಂದುಗಳಲ್ಲಿ ಹಾಯ್ದು ಹೋಗುತ್ತವೆ. ಮಗು ಬಂದೊಡನೆ ಗರ್ಭಕೋಶವು ಬಿಗಿಯಾಗಿ ಕುಗ್ಗಿದರೆ ಹೆಣಿಗೆಯು ಬಿಗಿದು ಪ್ರತಿ ನಾಳವನ್ನೂ ದಾರದಿಂದ ಕಟ್ಟಿದಂತೆ ಮುಚ್ಚಿಬಿಡುತ್ತದೆ. ಆಗ ಹೊಕ್ಕುಳಿನ ಸುತ್ತ ಕೈಯಿಟ್ಟರೆ ಗಟ್ಟಿ ಚೆಂಡೊಂದು ಸಿಗುತ್ತದೆ. ಕುಗ್ಗದೆ ಮೆತ್ತಗೆ ಉಳಿದರೆ ನಾಳಗಳು ತೆರೆದೇ ಇರುತ್ತವೆ. ಅತಿಸ್ರಾವದ ಹತ್ತು ಪ್ರಸಂಗಗಳಲ್ಲಿ ಸುಮಾರು ಏಳಕ್ಕೆ ಈ ಮೆತ್ತಗಾಗುವಿಕೆಯೇ ಕಾರಣ. ಮಾಸಿನ ಚೂರು ಒಳಗೇ ಉಳಿಯುವುದು, ಹೆರಿಗೆಯ ದಾರಿಯಲ್ಲಿ ಸೀಳು ಬೀಳುವುದು, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುವುದು ಇವು ಉಳಿದ ಕಾರಣಗಳು.

ಅವಳಿ ಮಕ್ಕಳಿದ್ದರೆ, ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿದ್ದರೆ, ನೋವು ಬಹಳ ಹೊತ್ತು ಎಳೆದಿದ್ದರೆ ಅಪಾಯ ಹೆಚ್ಚೆಂಬುದು ನಿಜ. ಆದರೆ ಅತಿಸ್ರಾವಕ್ಕೆ ಒಳಗಾಗುವ ಬಹಳಷ್ಟು ತಾಯಂದಿರಲ್ಲಿ ಇಂತಹ ಯಾವ ಮುನ್ಸೂಚನೆಯೂ ಇರುವುದಿಲ್ಲ. ಎರಡು ಹೆರಿಗೆ ಸುಖವಾಗಿ ಆಗಿದೆ, ಮೂರನೆಯದಕ್ಕೆ ಏನು ಭಯ ಎಂಬ ಮಾತನ್ನು ನಮ್ಮ ಕಡೆ ಆಗಾಗ್ಗೆ ಕೇಳುತ್ತೇವೆ. ಆ ಧೈರ್ಯಕ್ಕೆ ಆಧಾರವಿಲ್ಲ.

ಈಗ ಬೆಳಗಾವಿಯ ವಿಷಯಕ್ಕೆ ಬರೋಣ. 1916 ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯನ್ನು ಅರಿಯದ ಭಕ್ತರು ವಿರಳ. ಆ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ 2002 ರಿಂದ 2005 ರ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನವನ್ನು ನಡೆಸಿದರು. ಆ ಕಾಲದಲ್ಲಿ ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಆಗುತ್ತಿದ್ದ ಹೆರಿಗೆಗಳು ಬಹಳ. ಎ.ಎನ್.ಎಂ. ಎಂದು ನಾವು ಕರೆಯುವ ಸಹಾಯಕ ದಾದಿಯರೇ ಅವುಗಳನ್ನು ಮಾಡಿಸುತ್ತಿದ್ದರು. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಎಷ್ಟೋ ಕಾಲದಿಂದ ಇದ್ದರೂ ಅದನ್ನು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿ ಇಡಬೇಕು, ಸೂಜಿ ಬೇಕು, ಕೊಡಲು ತರಬೇತಿಯೂ ಬೇಕು. ಬಿಸಿಲಿನ ಹಳ್ಳಿಯಲ್ಲಿ, ಕರೆಂಟಿಲ್ಲದ ರಾತ್ರಿಯಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ತಂಪಿನ ಪೆಟ್ಟಿಗೆ ಬೇಡ, ಸೂಜಿಯೂ ಬೇಡ. ಮಗು ಹುಟ್ಟಿದ ಕೂಡಲೆ ಇದನ್ನು ನುಂಗಿಸಿದರೆ ರಕ್ತಸ್ರಾವ ಕಡಿಮೆಯಾಗುವುದೇ ಎಂಬುದು ವೈದ್ಯರ ಪ್ರಶ್ನೆಯಾಗಿತ್ತು.

1620 ತಾಯಂದಿರು ಆ ಅಧ್ಯಯನದಲ್ಲಿ ಸೇರಿದರು. ಇಪ್ಪತ್ತೈದು ಮಂದಿ ಎ.ಎನ್.ಎಂ.ಗಳು ಹೆರಿಗೆ ಮಾಡಿಸಿದರು. ಅರ್ಧದಷ್ಟು ತಾಯಂದಿರಿಗೆ 600 ಮೈಕ್ರೋಗ್ರಾಂ ಔಷಧವೂ ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆಯೂ ದೊರೆಯಿತು. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ತಿಳಿದಿರಲಿಲ್ಲ. ಫಲಿತಾಂಶವು 2006 ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಲೀಟರಿಗೆ ಮುಟ್ಟಿದ ಅಥವಾ ಅದನ್ನು ಮೀರಿದ ರಕ್ತಸ್ರಾವವು ಬರಿಯ ಮಾತ್ರೆ ನುಂಗಿದವರಲ್ಲಿ ಶೇಕಡ 12 ರಷ್ಟು ಕಂಡರೆ ಔಷಧ ನುಂಗಿದವರಲ್ಲಿ ಶೇಕಡ 6.4 ರಷ್ಟು ಮಾತ್ರ ಕಂಡಿತು. ಒಂದು ಲೀಟರನ್ನು ಮುಟ್ಟಿದ ಗಂಭೀರ ಸ್ರಾವವು ಶೇಕಡ 1.2 ರಿಂದ 0.2 ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಾಕೆಯ ಅತಿಸ್ರಾವ ತಪ್ಪುತ್ತದೆ ಎಂಬುದು ಅದರ ಲೆಕ್ಕ. ಮಾತ್ರೆಯಿಂದ ಕೆಲವರಿಗೆ ನಡುಕ ಮತ್ತು ಜ್ವರ ಬಂದವು, ಅವು ತಾವಾಗಿಯೇ ಇಳಿದವು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಈ ಮಾತ್ರೆಯನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಯ ತಾಯಂದಿರು ಜಗತ್ತಿನ ತಾಯಂದಿರಿಗೆ ಕೊಟ್ಟ ಕೊಡುಗೆ ಎಂದು ಇದನ್ನು ನಾವು ಭಾವಿಸುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಮಾತ್ರೆಯನ್ನು ಮನೆಯವರು ತಂದು ಕೊಡುವಂತಿಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ನೋವು ಬರಲೆಂದು ಅಳತೆ ತಿಳಿಯದೆ ಇದನ್ನು ಕೊಟ್ಟರೆ ಗರ್ಭಕೋಶವೇ ಒಡೆದು ತಾಯಿ, ಮಗು ಇಬ್ಬರನ್ನೂ ಕಳೆದುಕೊಳ್ಳಬೇಕಾದೀತು.

ಅಧ್ಯಯನದ ನಡುವೆ ಇನ್ನೊಂದು ತೊಡಕು ಎದುರಾಗಿತ್ತು. ರಕ್ತ ಕಡಿಮೆಯಾಯಿತೋ ಇಲ್ಲವೋ ಎಂದು ಹೇಳಬೇಕಾದರೆ ಮೊದಲು ಅದನ್ನು ಅಳೆಯಬೇಕಲ್ಲವೇ? ಹೆರಿಗೆ ಮನೆಗಳಲ್ಲಿ ರೂಢಿಯಲ್ಲಿದ್ದದ್ದು ಕಣ್ಣಂದಾಜು. ಬಟ್ಟೆ ಹೀರಿದ್ದು, ನೆಲಕ್ಕೆ ಇಳಿದದ್ದು, ನೆತ್ತರಿನೊಡನೆ ಬೆರೆತ ಗರ್ಭಜಲ ಎಲ್ಲ ಸೇರಿ ಅಂದಾಜು ತಪ್ಪುತ್ತಿತ್ತು. ಇದಕ್ಕಾಗಿ ಬೆಳಗಾವಿಯ ತಂಡವು ಬಹಳ ಸರಳವಾದ ಸಾಧನವೊಂದನ್ನು ರೂಪಿಸಿತು. ಅದೊಂದು ಪ್ಲಾಸ್ಟಿಕ್ ಹಾಳೆ. ಮಗು ಹೊರಬಂದ ಕೂಡಲೆ, ಗರ್ಭಜಲವು ಹರಿದುಹೋದ ಮೇಲೆ, ಅದನ್ನು ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುತ್ತಾರೆ. ಹಾಳೆಯ ತುದಿಯು ಆಲಿಕೆಯಂತೆ ಕೆಳಗೆ ಇಳಿಬಿದ್ದಿರುತ್ತದೆ, ಅದರ ಮೇಲೆ ಅಳತೆಯ ಗೆರೆಗಳಿರುತ್ತವೆ. ಹಾಲಿನ ಅಳತೆ ಪಾತ್ರೆಯನ್ನು ಓದುವಷ್ಟೇ ಸುಲಭವಾಗಿ ದಾದಿಯು ಎಷ್ಟು ರಕ್ತ ಹೋಗಿದೆ ಎಂದು ಓದಬಹುದು. ಬೆಳಗಾವಿಯಲ್ಲಿ 123 ತಾಯಂದಿರಲ್ಲಿ ಈ ಹಾಳೆಯನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ ಕಣ್ಣಂದಾಜಿನ ಲೆಕ್ಕವು ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತು. ಮೂರು ಲೋಟ ಹೋಗಿದ್ದರೆ ಕಣ್ಣಿಗೆ ಕಾಣುವುದು ಎರಡೇ ಲೋಟ. ಇದು ತರಬೇತಿ ಪಡೆದವರ ಕಣ್ಣು ಎಂಬುದನ್ನು ಗಮನಿಸಬೇಕು. ಆಯನೂರಿನ ಆ ತಾಯಿಗೆ ಮೂರು ಬಟ್ಟೆಯ ಲೆಕ್ಕ ತಿಳಿಯಲಿಲ್ಲವೆಂದರೆ ಅದರಲ್ಲಿ ಆಕೆಯ ತಪ್ಪೇನೂ ಇಲ್ಲ.

ಇಂತಹ ಹಾಳೆಯ ನಿಜವಾದ ಬೆಲೆಯು ತಿಳಿದದ್ದು ಇತ್ತೀಚೆಗೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡು ನಡೆದ ಇ-ಮೋಟಿವ್ ಎಂಬ ಅಧ್ಯಯನದ ಫಲಿತಾಂಶವು 2023 ರಲ್ಲಿ ಹೊರಬಂದಿತು. ಅಲ್ಲಿ ಹೊಸ ಔಷಧವೇನೂ ಇರಲಿಲ್ಲ. ಅಳತೆಯ ಹಾಳೆಯನ್ನು ಎಲ್ಲ ತಾಯಂದಿರಿಗೂ ಹಾಸುವುದು, ರಕ್ತವು ಗೆರೆಯನ್ನು ಮುಟ್ಟಿದ ಕೂಡಲೆ ಇದ್ದ ಉಪಾಯಗಳನ್ನೆಲ್ಲ ಒಂದೊಂದಾಗಿ ಕಾಯದೆ ಒಟ್ಟಿಗೇ ಮಾಡುವುದು, ಇಷ್ಟೇ ಅದರ ಸಾರ. ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ತಿಕ್ಕುವುದು, ಕುಗ್ಗಿಸುವ ಔಷಧ, ರಕ್ತ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಸೀಳು ಇದೆಯೇ ಎಂಬ ಪರೀಕ್ಷೆ, ನಿಲ್ಲದಿದ್ದರೆ ಮೇಲಿನ ವೈದ್ಯರಿಗೆ ಕರೆ. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿಸ್ರಾವದ ಸುಮಾರು ಅರ್ಧ ಪ್ರಸಂಗಗಳು ಯಾರ ಗಮನಕ್ಕೂ ಬಂದೇ ಇರಲಿಲ್ಲ. ಹೊಸ ಪದ್ಧತಿಯಲ್ಲಿ ನೂರಕ್ಕೆ 93 ಪತ್ತೆಯಾದವು. ಒಂದು ಲೀಟರನ್ನು ಮುಟ್ಟುವ ಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಮರಣ ಇವು ಒಟ್ಟಾಗಿ ಶೇಕಡ 4.3 ರಿಂದ 1.6 ಕ್ಕೆ ಇಳಿದವು. 2025 ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಹೊಸ ಮಾರ್ಗಸೂಚಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅರ್ಧ ಲೀಟರಿನ ತನಕ ಕಾಯಬೇಕಿಲ್ಲ. 300 ಮಿಲಿಲೀಟರ್ ಹೋಗಿರುವಾಗಲೇ ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರು ಕಂಡರೆ ಚಿಕಿತ್ಸೆ ಆರಂಭಿಸಬೇಕು ಎಂದು ಅದು ಹೇಳುತ್ತದೆ.

ಟ್ರಾನೆಕ್ಸಾಮಿಕ್ ಆಮ್ಲದ ವಿಷಯದಲ್ಲಿ ಒಂದು ಮಾತು. 1960 ರ ದಶಕದ ಆರಂಭದಲ್ಲಿ ಜಪಾನಿನ ವೈದ್ಯೆ ಉಟಾಕೊ ಒಕಾಮೊಟೊ ತಮ್ಮ ಪತಿಯೊಡನೆ ಸೇರಿ ಇದನ್ನು ಕಂಡುಹಿಡಿದರು. ಬಾಣಂತಿಯರ ರಕ್ತಸ್ರಾವಕ್ಕೆ ಇದನ್ನು ಬಳಸಬೇಕೆಂಬುದು ಆಕೆಯ ಮೊದಲಿನ ಬಯಕೆಯಾಗಿತ್ತು. ಅದನ್ನು ದೃಢಪಡಿಸಿದ, 21 ದೇಶಗಳ ಇಪ್ಪತ್ತು ಸಾವಿರ ತಾಯಂದಿರ ಅಧ್ಯಯನವು ಪ್ರಕಟವಾದದ್ದು 2017 ರಲ್ಲಿ, ಆಕೆಯು ತೀರಿಕೊಂಡ ಮರುವರ್ಷ. ಹೆರಿಗೆಯಾದ ಮೂರು ಗಂಟೆಯೊಳಗೆ ಈ ಔಷಧವನ್ನು ಕೊಟ್ಟರೆ ರಕ್ತಸ್ರಾವದಿಂದ ಆಗುವ ಮರಣವು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ. ಪ್ರತಿ ಹದಿನೈದು ನಿಮಿಷದ ತಡಕ್ಕೂ ಅದರ ಉಪಯೋಗವು ಹತ್ತನೆಯ ಒಂದು ಭಾಗದಷ್ಟು ಕರಗುತ್ತಾ ಹೋಗುತ್ತದೆ, ಮೂರು ಗಂಟೆ ದಾಟಿದ ಮೇಲೆ ಪ್ರಯೋಜನವಿಲ್ಲ. ಆಯನೂರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗರ ರಸ್ತೆಯಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ಇರಬಹುದು. ಆದರೆ ತಡವಾಗುವುದು ರಸ್ತೆಯಲ್ಲಿ ಅಲ್ಲ. ಹೋಗಬೇಕೇ ಬೇಡವೇ, ಯಜಮಾನರು ಬರಲಿ, ಮಳೆ ನಿಲ್ಲಲಿ ಎಂದು ಮನೆಯ ಜಗುಲಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು.

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ ಎಂದು 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸುತ್ತದೆ. ಇದರ ಫಲವನ್ನು ಕಣ್ಣಾರೆ ಕಾಣಬಹುದು. 2001-03 ರಲ್ಲಿ ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ನಮ್ಮ ರಾಜ್ಯದಲ್ಲಿ ತೀರಿಹೋಗುತ್ತಿದ್ದರು. 2018-20 ರ ಹೊತ್ತಿಗೆ ಆ ಸಂಖ್ಯೆ 69 ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ನೆರೆಯ ಕೇರಳದಲ್ಲಿ ಅದು 19 ಮಾತ್ರ ಇತ್ತೆಂಬುದನ್ನೂ ಹೇಳಲೇಬೇಕು.

ಹಾಗಾದರೆ ಉಳಿದಿರುವ ಕೊರತೆಯೇನು? ಒಂದು ದೊಡ್ಡ ಕೊರತೆಯು ನಮ್ಮ ಅಡುಗೆಮನೆಗಳಲ್ಲಿಯೇ ಇದೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡ 45.7 ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷಗಳ ಹಿಂದಿನ ಸಮೀಕ್ಷೆಯಲ್ಲಿಯೂ ಹೆಚ್ಚು ಕಡಿಮೆ ಇಷ್ಟೇ ಇತ್ತು. ಆಸ್ಪತ್ರೆಗಳು ಬದಲಾದವು, ತಟ್ಟೆ ಬದಲಾಗಲಿಲ್ಲ. ತುಂಬಿದ ಕೊಡದಿಂದ ನಾಲ್ಕು ಚೊಂಬು ತೆಗೆಯುವುದಕ್ಕೂ ಅರ್ಧ ಕೊಡದಿಂದ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. 2023 ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ರಕ್ತಹೀನತೆಯಿದ್ದ ತಾಯಂದಿರು ಮರಣಕ್ಕೆ ಅಥವಾ ಮರಣದ ಅಂಚಿಗೆ ಹೋಗುವ ಸಂಭವವು ಮಧ್ಯಮ ರಕ್ತಹೀನತೆಯವರಿಗಿಂತ ಏಳು ಪಟ್ಟು ಹೆಚ್ಚಿತ್ತು. ರಕ್ತಹೀನತೆಯುಳ್ಳ ಎಲ್ಲರಿಗೂ ಮೊದಲೇ ಟ್ರಾನೆಕ್ಸಾಮಿಕ್ ಆಮ್ಲವನ್ನು ಕೊಟ್ಟುಬಿಟ್ಟರೆ ಅತಿಸ್ರಾವ ತಪ್ಪೀತೇ ಎಂದು ಹದಿನೈದು ಸಾವಿರ ತಾಯಂದಿರಲ್ಲಿ ಪರೀಕ್ಷಿಸಿ ನೋಡಿದಾಗ ತಪ್ಪಲಿಲ್ಲ. ರಕ್ತವನ್ನು ಮೊದಲೇ ಕೂಡಿಸಿಕೊಳ್ಳುವುದಕ್ಕೆ ಅಡ್ಡದಾರಿಯಿಲ್ಲ ಎಂದಾಯಿತು.

ಬೆಳಗಾವಿಯ ತಂಡವು ಈ ದಿಕ್ಕಿನಲ್ಲಿಯೂ ಕೆಲಸ ಮಾಡಿದೆ. ಕರ್ನಾಟಕ ಮತ್ತು ರಾಜಸ್ಥಾನಗಳ 4320 ಗರ್ಭಿಣಿಯರನ್ನು ಸೇರಿಸಿಕೊಳ್ಳಲು ಯೋಜಿಸಿದ ರ‍್ಯಾಪಿಡ್ ಐರನ್ ಎಂಬ ಅಧ್ಯಯನವು ತಿಂಗಳುಗಟ್ಟಲೆ ನುಂಗುವ ಕಬ್ಬಿಣದ ಮಾತ್ರೆಗಳನ್ನೂ ಒಂದೇ ಬಾರಿ ನರಕ್ಕೆ ಕೊಡುವ ಕಬ್ಬಿಣದ ಡ್ರಿಪ್ಪನ್ನೂ ಹೋಲಿಸುವಂಥದ್ದು. ಮಾತ್ರೆ ಒಗ್ಗದವರಿಗೆ, ರಕ್ತವು ತೀರ ಕಡಿಮೆಯಿದ್ದು ದಿನ ಹತ್ತಿರವಾದವರಿಗೆ ಇಂದು ವೈದ್ಯರು ಡ್ರಿಪ್ಪನ್ನು ಸೂಚಿಸುವುದುಂಟು.

ಆದರೆ ಬಹುಪಾಲು ಗರ್ಭಿಣಿಯರಿಗೆ ಸರ್ಕಾರವು ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯೇ ಸಾಕು, ನುಂಗಿದರೆ! ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದು ಎಂಬುದು ನಿಯಮ. ಈ ಮಾತ್ರೆಗಳು ಎಷ್ಟೋ ಮನೆಗಳ ಮಾಡಿನಲ್ಲಿ ಹಾಗೆಯೇ ಉಳಿದಿರುವುದನ್ನು ನಾವು ನೋಡಿದ್ದೇವೆ. ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಮಲವು ಕಪ್ಪಾಗುವುದು ನಿಜ, ಅದರಿಂದ ಕೆಡುಕಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಬಹುದು. ಚಹಾ ಕಾಫಿಯೊಡನೆ ನುಂಗಬಾರದು, ಅವು ಕಬ್ಬಿಣವು ಮೈಗೆ ಹತ್ತದಂತೆ ತಡೆಯುತ್ತವೆ. ನಿಂಬೆರಸವು ಹತ್ತಿಸುತ್ತದೆ. ಸುಣ್ಣದಂಶದ ಮಾತ್ರೆಯನ್ನು ಇದರ ಜೊತೆಗೇ ನುಂಗದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ಮನೆಯ ಗಂಡಸರೆಲ್ಲ ಉಂಡೆದ್ದ ಮೇಲೆ ಉಳಿದದ್ದನ್ನು ಬಸುರಿ ಸೊಸೆಯು ಉಣ್ಣುವ ಪದ್ಧತಿಯು ದಾಸೋಹದ ಪರಂಪರೆಯುಳ್ಳ ಮನೆಗಳಲ್ಲಿಯೂ ಇನ್ನೂ ಉಳಿದಿರುವುದು ನಮಗೆ ಅರ್ಥವಾಗದ ಸಂಗತಿ.

ಇನ್ನೊಂದು ಸೂಕ್ಷ್ಮ ವಿಷಯ. ಅತಿಸ್ರಾವವು ಆಸ್ಪತ್ರೆಯಲ್ಲಿ ಮಾತ್ರ ಆಗಬೇಕೆಂದಿಲ್ಲ. ಮೊದಲ ಇಪ್ಪತ್ತನಾಲ್ಕು ಗಂಟೆಗಳು ಹೆಚ್ಚಿನ ಅಪಾಯದವು. ಆದುದರಿಂದಲೇ ಸಹಜ ಹೆರಿಗೆಯಾದರೂ ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ, ಮನೆಯ ಕೆಲಸದ ನೆಪ ಹೇಳಿ ಬೇಗ ಕರೆತರಬಾರದು. ಆದರೆ ಮನೆಗೆ ಬಂದ ಮೇಲೆ, ಕೆಲವು ವಾರಗಳ ತನಕವೂ ರಕ್ತಸ್ರಾವವು ಮರುಕಳಿಸಬಹುದು. ಮಾಸಿನ ಚೂರು ಉಳಿದಿದ್ದರೆ, ನಂಜಾದರೆ ಹೀಗಾಗುತ್ತದೆ. ಆಗ ಬಾಣಂತಿಯ ಕೋಣೆಯಲ್ಲಿ ಅದನ್ನು ಯಾರು ನೋಡುತ್ತಾರೆ? ಮೈಲಿಗೆಯೆಂದು ಆಕೆಯನ್ನು ಮೂಲೆಯಲ್ಲಿ ಕೂರಿಸಿ, ಆಕೆಯ ಬಟ್ಟೆಯನ್ನು ಯಾರೂ ಮುಟ್ಟದೆ, ಆಕೆಯೂ ನಾಚಿಕೆಯಿಂದ ಅದನ್ನು ಮುಚ್ಚಿಟ್ಟರೆ ರಕ್ತದ ಲೆಕ್ಕ ಯಾರಿಗೂ ಸಿಗುವುದಿಲ್ಲ. ಶರಣರು ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳನ್ನೂ ನಿರಾಕರಿಸಿದವರು. ಅವರ ಹಾದಿಯವರೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿ ಪುರುಡಿನ ಹೆಸರಿನಲ್ಲಿ ಬಾಣಂತಿಯು ಒಂಟಿಯಾಗಬಾರದು. ಹಿರಿಯ ಹೆಂಗಸೊಬ್ಬರು ದಿನಕ್ಕೆ ಎರಡು ಮೂರು ಬಾರಿ ಸಂಕೋಚವಿಲ್ಲದೆ ಕೇಳಬೇಕು, ನೋಡಬೇಕು. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಅಥವಾ ದಪ್ಪ ಬಟ್ಟೆಯು ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪು ಬಿದ್ದರೆ, ಕೈಕಾಲು ತಣ್ಣಗಾಗಿ ಬೆವರಿದರೆ, ಎದೆ ಡವಗುಟ್ಟಿದರೆ, ಕಣ್ಣು ಕತ್ತಲೆಯೆಂದರೆ, ಸ್ರಾವಕ್ಕೆ ದುರ್ವಾಸನೆಯೊಡನೆ ಜ್ವರವಿದ್ದರೆ ಕಷಾಯ ಕಾಯಿಸುತ್ತ ಕೂರದೆ 108 ಕ್ಕೆ ಕರೆ ಮಾಡಬೇಕು.

ಬಾಣಂತಿಗೆ ನೀರು ಕೊಡಬಾರದೆಂಬ ನಂಬಿಕೆಯು ನಮ್ಮ ಭಾಗದಲ್ಲಿ ಇನ್ನೂ ಅಳಿದಿಲ್ಲ. ರಕ್ತ ಕಳೆದುಕೊಂಡು ಮಗುವಿಗೆ ಹಾಲೂಡಿಸುವ ದೇಹಕ್ಕೆ ನೀರು ಹೆಚ್ಚು ಬೇಕು, ಕಡಿಮೆಯಲ್ಲ. ಮಗುವನ್ನು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚುವುದರಿಂದ ಮಗುವಿಗಷ್ಟೇ ಲಾಭವೆಂದು ತಿಳಿಯಬಾರದು. ಮಗು ಚೀಪುವಾಗ ತಾಯಿಯ ದೇಹದಲ್ಲಿಯೇ ಆಕ್ಸಿಟೋಸಿನ್ ಒಸರಿ ಗರ್ಭಕೋಶವನ್ನು ಕುಗ್ಗಿಸುತ್ತದೆ. ಮೊಲೆಯೂಡಿಸುವಾಗ ಹೊಟ್ಟೆ ಹಿಂಡಿದಂತಾಗುವ ನೋವು ಇದರಿಂದಲೇ ಬರುವುದು. ಮೂತ್ರಕೋಶವು ತುಂಬಿದ್ದರೆ ಗರ್ಭಕೋಶಕ್ಕೆ ಕುಗ್ಗಲು ಎಡೆಯಿರುವುದಿಲ್ಲ, ಆದ್ದರಿಂದ ಬಾಣಂತಿಯು ಮೂತ್ರವನ್ನು ತಡೆದುಕೊಳ್ಳಬಾರದು.

ಹೆರಿಗೆ ಮಾಡಿಸುವ ಕೈಗಳ ವಿಷಯವನ್ನು ಹೇಳದಿದ್ದರೆ ಲೇಖನವು ಅಪೂರ್ಣವಾದೀತು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ 2018 ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು. ಅದೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ದಾದಿಯರಿಗೆ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೆ ವಹಿಸುವ ಸೂಲಗಿತ್ತಿ ಸೇವೆಯ ಮಾರ್ಗಸೂಚಿಯನ್ನು ಹೊರಡಿಸಿತು. ಇದು ಕಾಕತಾಳೀಯವಾದರೂ ನಮಗೆ ಅರ್ಥಪೂರ್ಣವಾಗಿ ಕಂಡಿದೆ. ತಾಯಿಯ ಪಕ್ಕದಲ್ಲಿ ಬಿಡದೆ ಕುಳಿತು, ಬೆನ್ನು ನೀವಿ, ಹೆಸರು ಹಿಡಿದು ಮಾತನಾಡಿಸುತ್ತಿದ್ದ ಆ ಗುಣ, ಅದರೊಡನೆ ಅಳತೆಯ ಹಾಳೆ ಮತ್ತು ಚುಚ್ಚುಮದ್ದು, ಎರಡೂ ಒಂದೇ ಕೈಯಲ್ಲಿ ಕೂಡಬೇಕು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳ ಸೀಮಂತಕ್ಕೆ ಎರಡೂ ಕಡೆಯ ಹಿರಿಯರು ಕೂಡಿರುತ್ತಾರೆ. ಹಸಿರು ಬಳೆ, ಸೀರೆ, ಊಟದ ಮಾತುಗಳು ಮುಗಿದ ಮೇಲೆ ಅರ್ಧ ಗಂಟೆಯನ್ನು ಇನ್ನೊಂದು ಮಾತುಕತೆಗೆ ಮೀಸಲಿಡಬೇಕೆಂದು ಭಕ್ತರಲ್ಲಿ ನಮ್ಮ ವಿನಂತಿ. ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ರಕ್ತ ಸಿಗುತ್ತದೆಯೇ, ಇಲ್ಲದಿದ್ದರೆ ಎಲ್ಲಿಂದ ತರಬೇಕು? ಮಗಳ ರಕ್ತದ ಗುಂಪು ಯಾವುದು, ಕೊಡಬಲ್ಲವರು ಮನೆಯಲ್ಲಿ ಯಾರು? ಈ ತಿಂಗಳ ಹಿಮೋಗ್ಲೋಬಿನ್ ಎಷ್ಟು? ನಡುರಾತ್ರಿಯಲ್ಲಿ ವಾಹನ ಯಾರದು, ಯಜಮಾನರು ಊರಿನಲ್ಲಿ ಇಲ್ಲದಿದ್ದರೆ ಹೊರಡಿ ಎಂದು ಹೇಳುವ ಅಧಿಕಾರ ಯಾರಿಗೆ? ಈ ಕಡೆಯ ಪ್ರಶ್ನೆಗೆ ಉತ್ತರವಾಗಿ ಮನೆಯ ಹೆಂಗಸೊಬ್ಬರ ಹೆಸರನ್ನು ಎಲ್ಲರೆದುರು ಹೇಳಿಬಿಡುವುದು ಲೇಸು. ತಾಯಿ ಕಾರ್ಡನ್ನು ಸೀರೆಗಳ ಜೊತೆಗೆ ತವರಿಗೆ ಕಳುಹಿಸಬೇಕು, ಆ ಊರಿನ ಆಶಾ ಕಾರ್ಯಕರ್ತೆಗೆ ಬಂದ ವಾರದಲ್ಲಿಯೇ ತೋರಿಸಬೇಕು. ಪ್ರತಿ ತಿಂಗಳ 9 ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆಯಿರುತ್ತದೆ.

ಆಯನೂರಿನ ಆ ಹಿರಿಯ ತಾಯಿಯ ಮೊಮ್ಮಗಳಿಗೆ ಈಗ ಆರು ತಿಂಗಳು. ಬರುವ ತಿಂಗಳು ಸೀಮಂತ. ಈ ಪ್ರಶ್ನೆಗಳನ್ನು ಅಂದು ತಾವೇ ಕೇಳುವುದಾಗಿ ಅವರು ನಮಗೆ ತಿಳಿಸಿದ್ದಾರೆ.